ಮೊಣಕೈ ಸಂದಿಯ ಜಾಲರಿ

ಅಬ್ದುಲ್ ಗನಿ ತೀರಿಕೊಂಡ ದಿನ ಪತ್ರಿಕೆಗೆ ಕೊಡಲು ಮನೆಯಲ್ಲಿ ಅವನದೊಂದು ಒಳ್ಳೆಯ ಫೋಟೋ ಸಿಗಲಿಲ್ಲ. ಸಿಕ್ಕಿದ್ದು ಒಂದೇ: ವಾಡಿಯ ಗ್ಯಾರೇಜಿನಲ್ಲಿ ಜೀಪಿನ ಕೆಳಗೆ ಮಲಗಿದ್ದಾನೆ, ಹೊರಗೆ ಕಾಣುವುದು ಎರಡು ಕಾಲು. "ಜೀಪ್ ಯಾವ ಸಾಲಿಂದು, ಯಾವ ವರ್ಷದ್ದು ಅಂತ ಅವ್ರೇ ಹೇಳ್ತಿದ್ರು. ಈಗ ಯಾರಿಗಿ ಕೇಳ್ಲಿ?" ಎಂದು ಹೆಂಡತಿ ಮಾಶಾಬಿ ಅತ್ತಳು.

ಐವತ್ತು ವರ್ಷ ಮೋಟಾರು ರಿಪೇರಿ ಮಾಡಿದವನಿಗೆ ಮುಪ್ಪಿನಲ್ಲಿ ಬೇರೊಂದು ಕೆಲಸ ಅಂಟಿಕೊಂಡಿತ್ತು. ಸೈನ್ಯದಲ್ಲಿದ್ದ ಚಿಂಚೋಳಿಯ ಹವಾಲ್ದಾರನೊಬ್ಬ ತನ್ನ ತಂದೆಯ ಫೋಟೋ ತೋರಿಸಿದ. ತಂದೆಯೂ ಫೌಜಿ, ಜೀಪಿಗೆ ಒರಗಿ ನಿಂತಿದ್ದ. ಗನಿ ಬಾನೆಟ್ಟಿನ ಎತ್ತರ ನೋಡಿ ಗಾಡಿಯ ಕಾಲ, ಅದರಿಂದ ಫೋಟೋದ ಕಾಲ ಹೇಳಿದ. ಸುದ್ದಿ ಹಬ್ಬಿತು. ಸೇಡಂ, ಚಿತ್ತಾಪುರದ ಕಡೆಯಿಂದಲೂ ಫೌಜಿಗಳ ಮನೆಯವರು ಹಳೆಯ ಫೋಟೋಗಳನ್ನು ಹಿಡಿದುಕೊಂಡು ಬರತೊಡಗಿದರು.

ಗನಿಯದೊಂದು ಕಟ್ಟಳೆಯಿತ್ತು. ಫೋಟೋ ಕೈಗೆ ಬಂದ ಕೂಡಲೇ, ಅದರಲ್ಲಿರುವ ಮನುಷ್ಯನನ್ನು ಹಳೆಯ ಲಗ್ನಪತ್ರಿಕೆಯ ತುಂಡಿನಿಂದ ಮುಚ್ಚುತ್ತಿದ್ದ. "ಮನ್ಷಾನ್ನ ನೋಡಿದ್ರ ದಿಲ್ ಕರಗ್ತದ. ಕರಗಿದ್ರ ಅವ್ರಿಗಿ ಬೇಕಾದ ಸಾಲೇ ಬಾಯಾಗ ಬರ್ತದ" ಎನ್ನುತ್ತಿದ್ದ.

ಕಳೆದ ಚಳಿಗಾಲದಲ್ಲಿ ಚಿತ್ತಾಪುರದ ಹತ್ತಿರದ ಹಳ್ಳಿಯಿಂದ ಅನಸುಬಾಯಿ ಬಂದಳು. ಜೊತೆಗೆ ಅವಳ ಮಗಳು ಲುಂಬಿನಿ, ಅವಳ ದೊಡ್ಡಪ್ಪನ ಮಗ ರಾಜರತ್ನ. ಅನಸುಬಾಯಿಯ ತಂದೆ ಭೀಮಶ್ಯಾ ಅರವತ್ತೈದರ ಸೆಪ್ಟೆಂಬರಿನಲ್ಲಿ ಯುದ್ಧದಲ್ಲಿ ಸತ್ತವನು. ಅವಳು ಹುಟ್ಟಿದ್ದು ಮರುವರ್ಷದ ಜನವರಿಯಲ್ಲಿ. ಊರವರ ಪ್ರಕಾರ ಭೀಮಶ್ಯಾ ಕೊನೆಯ ಸಲ ರಜೆಗೆ ಬಂದದ್ದು ಅರವತ್ತೊಂದರಲ್ಲಿ; ಹಾಗಾಗಿ ಅವಳು ಅವನ ಮಗಳೇ ಅಲ್ಲ. ಅರವತ್ತೈದರ ಏಪ್ರಿಲಿನಲ್ಲಿ ಗಂಡ ತನ್ನನ್ನು ಶಹಾಬಾದಿಗೆ ಕರೆಸಿಕೊಂಡಿದ್ದ, ಎರಡು ದಿನಕ್ಕೇ ಸೈನ್ಯದಿಂದ ತಂತಿ ಬಂದು ಊರಿಗೆ ಬಾರದೆ ಅಲ್ಲಿಂದಲೇ ಹಿಂತಿರುಗಿದ ಎಂದು ತಾಯಿ ಸಾಯುವ ತನಕ ಹೇಳಿದಳು. ಆಗ ಶಹಾಬಾದಿನ ಸ್ಟೇಷನ್ ಎದುರು ಯಾರದೋ ಕಾರಿಗೆ ಒರಗಿ ಅವನು ತೆಗೆಸಿಕೊಂಡ ಫೋಟೋ ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ. ಅದೂ ಅರವತ್ತೊಂದರದ್ದೇ ಎಂದು ಊರು ತಳ್ಳಿಹಾಕಿತ್ತು.

ಈಗ ಊರಿನಲ್ಲಿ ಭೀಮಶ್ಯಾನ ಹೆಸರಿನ ಕಲ್ಲು ನಿಲ್ಲಿಸುವವರಿದ್ದರು. ಅದರಲ್ಲಿ 'ಮಗಳು ಅನಸುಬಾಯಿ' ಎಂದು ಕೆತ್ತಿಸಲು ರಾಜರತ್ನ ಒಪ್ಪಿರಲಿಲ್ಲ.

"ಕಲ್ಲುಕುಟಿಗ ಉಳಿ ಹಿಡ್ಕೊಂಡು ಕುಂತಾನ ಉಸ್ತಾದ್, ಲಗೂ ಹೇಳ್ರಿ. ಮೋಟಾರ್ ಸಾಕ್ಷಿ ಹೇಳೋದು ನಾ ಇದೇ ಮೊದ್ಲ ನೋಡಾಕತ್ತೀನಿ" ಎಂದ ರಾಜರತ್ನ.

"ಮೋಟಾರ್ ಸುಳ್ಳು ಹೇಳಂಗಿಲ್ಲಪಾ. ಅದು ಮನ್ಷರ ಕೆಲ್ಸ."

ಗನಿ ಫೋಟೋದ ಮನುಷ್ಯನ ಮೇಲೆ ಲಗ್ನಪತ್ರಿಕೆಯ ಚೀಟಿ ಇಟ್ಟು ಭೂತಗನ್ನಡಿ ಹಿಡಿದ. ಅಂಬಾಸಿಡರ್. ಲೈಟು, ಮಡ್‌ಗಾರ್ಡು, ಬಂಪರು ಎಲ್ಲ ನೋಡಿದ. ಮತ್ತೆ ನೋಡಿದ.

"ಐವತ್ತೆಂಟರಿಂದ ಗಾಡಿ ಹೀಂಗೇ ಅದ. ಅರವತ್ಮೂರರಾಗ ಮುಂದಿನ ಜಾಲರಿ ಬದ್ಲಾತು, ಸಣ್ ಸಣ್ ಚೌಕಡಿ ಬಂತು. ಅದು ಕಂಡ್ರ ಹೇಳಬಹುದು. ಇಲ್ಲಿ ಆ ಜಾಗದಾಗೇ ಮನ್ಷ ನಿಂತಾನ."

"ಮತ್ತ?" ಎಂದಳು ಲುಂಬಿನಿ.

"ಹೇಳಾಕ ಬರಂಗಿಲ್ಲ, ಬೇಟಿ."

ರಾಜರತ್ನ ಎದ್ದು ಮೊಬೈಲ್ ತೆಗೆದ. ಲುಂಬಿನಿ ಗನಿಯ ಕಿವಿಯ ಹತ್ತಿರ ಬಾಗಿದಳು. "ಚಾಚಾ, ಗಾಡಿ ಅರವತ್ನಾಕರದ್ದು ಅಂದುಬಿಡ್ರಿ. ಯಾರ್ ನೋಡ್ತಾರ? ನಮ್ಮವ್ವ ಅರವತ್ತ್ ವರ್ಷ ಈ ಮಾತ್ ಕೇಳ್ಯಾಳ."

ಗನಿಗೆ ಅದು ಒಂದೇ ಒಂದು ಮಾತಿನ ಕೆಲಸ. ನಾಲಿಗೆಯ ತುದಿಗೂ ಬಂದಿತ್ತು. "ನಿನಗ ಇವತ್ತ ಸುಳ್ಳು ಹೇಳಿದ್ರ, ನಾ ಹಿಂದ್ ಹೇಳಿದ್ದೆಲ್ಲಾ ಸುಳ್ಳಾಗ್ತದ" ಎಂದು ತಲೆ ತಗ್ಗಿಸಿದ.

ಅಷ್ಟರಲ್ಲಿ ರಾಜರತ್ನನ ಕರೆ ಹೋಗಿತ್ತು. "ಹಲೋ, ಕಲ್ಲಿನ ಮ್ಯಾಲಿನ ಆ ಕೊನೀ ಸಾಲು…"

"ಗನಿ ಅಣ್ಣಾ, ಆ ಚೀಟಿ ತಗೀರಿ." ಎಂದಳು ಅನಸುಬಾಯಿ. "ನಮ್ಮಪ್ಪಂದು ಇದೊಂದೇ ಫೋಟೋ. ಹೆಣಕ್ಕ ಹೊದಿಸಿದಂಗ ಹೊದಿಸಿ ಇಟ್ಟೀರಿ. ಅವನ ಮಾರಿ ನೋಡ್ಕೊಂಡು ಮನಿಗಿ ಹೋಗ್ತೀನಿ."

ಗನಿಗೆ ನಾಚಿಕೆಯಾಯಿತು. ಚೀಟಿ ತೆಗೆದ. ಮೊದಲ ಸಲ ಆ ಮುಖ ನೋಡಿದ: ಎಳೆಯ ಮೀಸೆ, ನಗು ತಡೆದುಕೊಂಡ ತುಟಿ, ಠೀವಿಯಿಂದ ಸೊಂಟದ ಮೇಲಿಟ್ಟ ಎಡಗೈ. ಆ ಕೈಗುಂಟ ಗನಿಯ ಕಣ್ಣು ಕೆಳಗಿಳಿಯಿತು. ಮಡಚಿದ ಮೊಣಕೈಗೂ ಸೊಂಟಕ್ಕೂ ನಡುವೆ ಉಗುರಿನಷ್ಟು ಸಂದಿ. ಮನುಷ್ಯನ ಜೊತೆ ಆ ಸಂದಿಯನ್ನೂ ಅವನೇ ಮುಚ್ಚಿಟ್ಟಿದ್ದ.

ಭೂತಗನ್ನಡಿಯ ಗಾಜನ್ನು ಕುರ್ತಾಕ್ಕೆ ಒರೆಸಿ ಮತ್ತೆ ಹಿಡಿದ. ಫೋನಿನಲ್ಲಿ ಕಲ್ಲುಕುಟಿಗನ "ಹಲೋ, ಹಲೋ" ಮಾತ್ರ ಕೇಳುತ್ತಿತ್ತು.

"ರಾಜರತ್ನಾ, ನೀನೇ ಬಂದ್ ನೋಡು. ಕೈ ಸಂದ್ಯಾಗ."

ರಾಜರತ್ನ ಬಾಗಿದ. ಬಹಳ ಹೊತ್ತು ಏಳಲಿಲ್ಲ. "ಚೌಕಡಿ… ಚೌಕಡಿ ಅದಾವ."

"ಅರವತ್ತೊಂದರಾಗ ನಿಮ್ ಕಾಕಾ ಇದಕ್ಕ ಒರಗ್ಲಿಕ್ಕ ಈ ಗಾಡಿ ಹುಟ್ಟೇ ಇರ್ಲಿಲ್ಲ" ಎಂದ ಗನಿ. "ಅವ್ರು ಮತ್ತೊಮ್ಮೆ ಬಂದಿದ್ರು."

ರಾಜರತ್ನ ಅನಸುಬಾಯಿಯ ಕಡೆ ನೋಡಲಾರದೆ ಗೋಡೆಗೆ ಮುಖ ಮಾಡಿ ಫೋನಿನಲ್ಲಿ ಹೇಳಿದ: "ಕೆತ್ತು. ಹ್ಞಾಂ… ಮಗಳು ಅಂತ."

"ತಡಿ" ಎಂದಳು ಅನಸುಬಾಯಿ. "ಮೊದ್ಲ ನಮ್ಮವ್ವನ ಹೆಸರು ಕೆತ್ತಂತ ಹೇಳು. ಸಖುಬಾಯಿ. ಅದ್ರ ಕೆಳಗ ನಂದು."

ಆ ಸಂಜೆ ಗನಿ ಚೀಟಿಯನ್ನು ಹರಿದು ಒಲೆಗೆ ಹಾಕಿದ. ಹಿಂದೆ ಮುಚ್ಚಿ ನೋಡಿದ ಫೋಟೋಗಳಲ್ಲಿ ಎಷ್ಟು ಸಂದಿ ತಪ್ಪಿದವೋ ಎಂಬ ಚಿಂತೆ ಹತ್ತಿತು. ಹೆಸರುಗಳನ್ನು ನೆನೆನೆನೆದು ಬರೆದುಕೊಂಡು, ಗಾಜು ಜೇಬಿಗಿಟ್ಟುಕೊಂಡು, ಬಸ್ಸು ಹತ್ತಿ ಮನೆಮನೆಗೆ ಹೋಗಿ ಎಲ್ಲವನ್ನೂ ಮತ್ತೆ ನೋಡತೊಡಗಿದ. ಸೇಡಂನಲ್ಲಿ ಒಬ್ಬರ ಮನೆಯಲ್ಲಿ ತಾನು ಹೇಳಿದ್ದು ತಪ್ಪೆಂದು ಗೊತ್ತಾದಾಗ ಕೈಮುಗಿದು ಕ್ಷಮೆ ಕೇಳಿ ಬಂದ.

ಅವನು ತೀರಿಕೊಂಡಾಗ ಆ ಹೆಸರುಗಳ ಪಟ್ಟಿಯಲ್ಲಿ ಇನ್ನೂ ಹನ್ನೊಂದು ಮನೆ ಉಳಿದಿದ್ದವು. ಎಲ್ಲವೂ ಚಿಂಚೋಳಿ ಕಡೆಯವು.