ದುರುಗಕ್ಕನ ಕೊನೆಯ ಪರೀಕ್ಷೆ

ನ್ಯಾಮತಿಯ ದುರುಗಕ್ಕ ರಿಪೇರಿಗೆ ಕೈಗೆತ್ತಿಕೊಂಡರೆ ಸಾಕು, ಎಂಥ ಹಳೆಯ ವಾಕಿಟಾಕಿಯೂ ತನ್ನ ಜಾತಕ ತಾನೇ ಬಿಚ್ಚಿಡುತ್ತದೆ. ಆಕೆ ಮೊದಲು ಮೈಕಿನ ತೂತು ಮೂಸುತ್ತಾಳೆ. "ಕಲ್ಲುಪುಡಿ. ಕ್ವಾರಿಯಾಗೆ ದುಡಿದೈತೆ," ಎಂದು ಸೂಜಿಯಿಂದ ಕೆದಕುತ್ತಾಳೆ. ಆಮೇಲೆ ವಾಲ್ಯೂಮ್ ತಿರುಗಿಸಿ, "ಪಾಪ, ಕೇಳಿ ಕೇಳಿ ಸವೆದೈತೆ," ಎಂದು ಮರುಗುತ್ತಾಳೆ. ಸೆಟ್ಟು ತಂದಿರುವ, ಕ್ರೇನ್ ನಡೆಸುವ ಮಾರುತಿ ಬೆರಗಾಗಿ ನೋಡುತ್ತಾನೆ. ಕೆಳಗಿನವರ "ನಿಲ್ಸು" ಇದರಲ್ಲಿ ಅವನಿಗೆ ಕೇಳದಿದ್ದರೆ ಯಾರದಾದರೂ ಜೀವ ಹೋದೀತು. ಗೊರಗೊರ ಸದ್ದು ನಿಂತರೂ ದುರುಗಕ್ಕ ಸೆಟ್ಟು ಕೊಡುವುದಿಲ್ಲ. ಗುಂಡಿ ಒತ್ತಿ, "ಊಟ ಮಾಡಿದ್ರೇನ್ರೀ?" ಎಂದು ಕೇಳಿ, ಸೆಟ್ಟನ್ನು ಮಾರುತಿಯ ಕಿವಿಗಿಡುತ್ತಾಳೆ. ಅದರ ಜೋಡಿ ಸೆಟ್ಟು ಇರುವುದು ಹಿಂದಿನ ಕೋಣೆಯಲ್ಲಿ, ಲಕ್ವ ಹೊಡೆದು ನಾಲಿಗೆ ತೊದಲುವ ಗಂಡ ಜಂಪಣ್ಣನ ಎದೆಯ ಮೇಲೆ. "ಏನಂದ್ರು, ಹೇಳ್ರಿ." ಮಾರುತಿ ಉಸಿರು ಬಿಗಿಹಿಡಿದು ಆಲಿಸುತ್ತಾನೆ. "ನೀನೂ ಬಾ, ಕೂಡಿ ಉಣ್ಣಾನ ಅಂದ್ರಕ್ಕಾ." "ಇವರ ಮಾತು ತಿಳೀತಂದ್ರೆ ಇನ್ಯಾರದಾದ್ರೂ ತಿಳೀತೈತೆ. ತಗಂಡ್ ಹೋಗ್ರಿ," ಎಂದು ಆಕೆ ಊಟಕ್ಕೆ ಏಳುತ್ತಾಳೆ.