ಖಾಲಿ ಬೆಂಚುಗಳಿಗೆ ಹೊಲಿಗೆ ಮಿಸ್ಸಿನ ಇಂಗ್ಲಿಷ್ ಪಾಠ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಶಾಲೆಯ ಕಾವಲುಗಾರ ಗೇಟಿನ ಪಕ್ಕ ಇನ್ನೂ ಹಲ್ಲುಜ್ಜುತ್ತಿದ್ದಾನೆ. ಏಳನೇ ತರಗತಿಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಕಪ್ಪುಹಲಗೆಯ ಮುಂದೆ ನಿಂತ ಹೆಂಗಸೊಬ್ಬರು ಖಾಲಿ ಬೆಂಚುಗಳತ್ತ ಕೈ ತೋರಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾರೆ. ಬೆಂಚು ಬಾಯಿ ಬಿಡುವುದಿಲ್ಲವಲ್ಲ, ಉತ್ತರವನ್ನೂ ತಾವೇ ಹೇಳುತ್ತಾರೆ. ಆಮೇಲೆ 'ವೆರಿ ಗುಡ್' ಎಂದು ಬೆಂಚನ್ನು ಹೊಗಳಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನನಗೆ ನಗು ಬರುತ್ತದೆ. ಆದರೆ ಅವರು ಅದೇ ಪ್ರಶ್ನೆಯನ್ನು ಅಳಿಸಿ ಮೂರನೇ ಸಲ ಬರೆಯುವುದನ್ನು ನೋಡಿ ನಗುವನ್ನು ನುಂಗಿಕೊಳ್ಳುತ್ತೇನೆ.

ಶಾಲೆಯಲ್ಲಿ ಎಲ್ಲರಿಗೂ ಇವರು ಹೊಲಿಗೆ ಮಿಸ್. ಹದಿನಾಲ್ಕು ವರ್ಷದ ಹಿಂದೆ ಸೇರಿದ್ದು ಹೊಲಿಗೆ ಕಲಿಸಲೆಂದೇ. ಆರು ವರ್ಷದ ಹಿಂದೆ ಇಂಗ್ಲಿಷ್ ಟೀಚರ್ ಇದ್ದಕ್ಕಿದ್ದಂತೆ ಕೆಲಸ ಬಿಟ್ಟಾಗ ಹೆಡ್‌ಮಿಸ್ ಇವರನ್ನು ಕರೆದು, "ಎರಡು ದಿನ ಹೇಗಾದ್ರೂ ಸುಧಾರಿಸಮ್ಮ" ಅಂದರಂತೆ. ಆ ಎರಡು ದಿನ ಇನ್ನೂ ಮುಗಿದಿಲ್ಲ. ಈಗ ಮೂರು ತರಗತಿ, ದಿನಕ್ಕೆ ಐದು ಪೀರಿಯಡ್, ತಿದ್ದಲು ನೂರ ಇಪ್ಪತ್ತೊಂದು ನೋಟ್‌ಬುಕ್. ನಡುವೆ ದೂರಶಿಕ್ಷಣದಲ್ಲಿ ಇಂಗ್ಲಿಷ್ ಪದವಿಗೆ ಕಟ್ಟಿ, ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲ ಪಾಸಾಗಿದ್ದಾರೆ.

ಆದರೂ ಸ್ಟಾಫ್‌ರೂಮಿನಲ್ಲಿ ಗಣಿತದ ಮೇಷ್ಟ್ರು, "ಏನ್ ಮಿಸ್, ಇಂಗ್ಲಿಷಿಗೂ ಕಾಜಾ-ಗುಂಡಿ ಹಾಕ್ತೀರಾ?" ಎಂದು ಕಾಲೆಳೆಯುತ್ತಾರೆ. ಎಲ್ಲರೂ ನಗುತ್ತಾರೆ, ಇವರೂ ನಗುತ್ತಾರೆ.

"ನಗದೆ ಏನ್ಮಾಡ್ಲಿ ಹೇಳಿ? ಒಂದೊಂದ್ಸಲ ನನಗೂ ಹಾಗೇ ಅನ್ಸುತ್ತೆ. ಯಾರದ್ದೋ ಬಟ್ಟೆ ಹಾಕ್ಕೊಂಡು ಮದುವೆಗೆ ಹೋದಂಗೆ. ಎಲ್ಲಿ ಅವರು ಬಂದು 'ಬಿಚ್ಚಿಕೊಡಿ' ಅಂತಾರೋ ಅಂತ ಹೆದರಿಕೆ."

ಹಿಂದಿನ ದಿನ ನಾನು ಇವರ ಮನೆಗೆ ಹೋಗಿದ್ದಾಗ ಅತ್ತೆ ದೂರು ಹೇಳಿದ್ದರು: "ನಿದ್ದೇಲೂ ಇಂಗ್ಲಿಷ್ ಬಡಬಡಿಸ್ತಾಳಪ್ಪ. ನನ್ನನ್ನ ಬೈತಿದಾಳೋ ಹೊಗಳ್ತಿದಾಳೋ, ಒಂದೂ ತಿಳಿಯಲ್ಲ!"

ಇವತ್ತು ಹತ್ತು ಗಂಟೆಗೆ ಶಿಕ್ಷಣ ಕಚೇರಿಯಿಂದ ಪರಿವೀಕ್ಷಕರು ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ಇವರ ಒಂದು ಪಾಠ ನೋಡುತ್ತಾರೆ. ಅವರು ಒಪ್ಪಿದರೆ ಇಂಗ್ಲಿಷ್ ಟೀಚರ್ ಹುದ್ದೆ ಇವರದ್ದೇ. ಒಪ್ಪದಿದ್ದರೆ ಹೊಸಬರು ಬರುತ್ತಾರೆ, ಇವರು ಮತ್ತೆ ಹೊಲಿಗೆ ಕೋಣೆಗೆ.

"ಹೊಲಿಗೆ ಕೀಳು ಅಂತಲ್ಲ. ಅದರಿಂದಲೇ ಮನೆ ನಡೆದಿದ್ದು. ಆದ್ರೆ ಈ ಮಕ್ಕಳನ್ನ ಬಿಟ್ಟುಕೊಡೋಕೆ ಮನಸ್ಸು ಬರ್ತಿಲ್ಲ. ಎದೇಲಿ ಅವಲಕ್ಕಿ ಕುಟ್ಟಿದಂಗಾಗ್ತಿದೆ," ಅನ್ನುತ್ತಾರೆ.

ಹತ್ತು ಗಂಟೆಗೆ, ತುಂಬಿದ ಬೆಂಚುಗಳ ಮುಂದೆ, ಪಾಠ ಶುರುವಾಗುತ್ತದೆ. ಹಲಗೆಯ ಮೇಲೆ ಒಂದು ದೊಡ್ಡ ಚಿತ್ರ: ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಎರಡೂ ಕೈಯಿಂದ ಪೆಟ್ಟಿಗೆ ಎತ್ತುತ್ತಿರುವ ಹೆಂಗಸು. ಈಕೆ ಯಾರು ಎಂದು ಮಿಸ್ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಮಕ್ಕಳು ಕೈ ಎತ್ತುವಷ್ಟರಲ್ಲಿ ಉತ್ತರ ಹೇಳಿಬಿಡುತ್ತಾರೆ, ತಾವೇ. ಎಲ್ಲಿಗೆ ಹೊರಟಿದ್ದಾಳೆ? ಅದಕ್ಕೂ ಅವರದ್ದೇ ಉತ್ತರ, ಮೇಲೊಂದು 'ವೆರಿ ಗುಡ್'. ಅರ್ಧ ಎದ್ದ ಕೈಗಳು ಕೆಳಗಿಳಿಯುತ್ತವೆ. ಪರಿವೀಕ್ಷಕರು ತಲೆ ತಗ್ಗಿಸಿ ಏನೋ ಬರೆದುಕೊಳ್ಳುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಳ್ಳಲ್ಲ. ಬಾಗಿಲ ಬಳಿ ನಿಂತ ನನಗೆ ಸಿಟ್ಟು ಬರುತ್ತದೆ, ಅದಕ್ಕಿಂತ ಹೆಚ್ಚು ಸಂಕಟವಾಗುತ್ತದೆ.

ನಾಲ್ಕನೇ ಪ್ರಶ್ನೆ: ಪೆಟ್ಟಿಗೆಯೊಳಗೆ ಏನಿದೆ? ಉತ್ತರಕ್ಕೆ ಬಾಯಿ ತೆರೆದ ಮಿಸ್ ಹಾಗೇ ನಿಲ್ಲುತ್ತಾರೆ. ಮೂರನೇ ಸಾಲಿನ ಹುಡುಗಿಯೊಬ್ಬಳು ಎತ್ತಿದ ಕೈಯನ್ನು ಇಳಿಸಿ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದಾಳೆ. ವರ್ಷವಿಡೀ ತರಗತಿಯಲ್ಲಿ ತುಟಿ ಬಿಚ್ಚದವಳು ಅವಳು. ಮಿಸ್ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ, ತುಟಿ ಕಚ್ಚಿ ಸುಮ್ಮನಾಗುತ್ತಾರೆ.

ಹತ್ತು ಸೆಕೆಂಡು ಕಳೆಯುತ್ತದೆ. ಇಪ್ಪತ್ತಾಗುತ್ತದೆ. ಪರಿವೀಕ್ಷಕರು ಗಡಿಯಾರ ನೋಡುತ್ತಾರೆ.

ಹುಡುಗಿ ಎದ್ದು ನಿಲ್ಲುತ್ತಾಳೆ. "ಬಾಕ್ಸ್... ಎಂಪ್ಟಿ ಮಿಸ್. ಶೀ ಗೋ... ಬ್ರಿಂಗ್ ಥಿಂಗ್ಸ್."

"ನೋ ಮಿಸ್!" ಎಂದು ಹಿಂದಿನಿಂದ ಒಬ್ಬ. "ಎಂಪ್ಟಿ ಬಾಕ್ಸ್, ವೈ ಟೂ ಹ್ಯಾಂಡ್ಸ್?"

ಅಲ್ಲಿಂದ ಜಗಳವೇ ಶುರು. ಹರುಕುಮುರುಕು ಇಂಗ್ಲಿಷಿನಲ್ಲಿ ನಲವತ್ತು ಮಕ್ಕಳು ಒಂದು ಪೆಟ್ಟಿಗೆಗಾಗಿ ಹೊಡೆದಾಡುತ್ತಾರೆ. ಮಿಸ್ ಯಾರನ್ನೂ ತಿದ್ದುವುದಿಲ್ಲ, ನಡುನಡುವೆ 'ವೈ?' ಎಂದಷ್ಟೇ ಕೇಳುತ್ತಾರೆ. ಗಂಟೆ ಹೊಡೆದರೂ ವಾದ ನಿಲ್ಲುವುದಿಲ್ಲ. ಪರಿವೀಕ್ಷಕರು ಫೈಲು ಮುಚ್ಚಿ, "ಹದಿನೈದು ದಿನದಲ್ಲಿ ಪತ್ರ ಬರುತ್ತೆ" ಎಂದು ಹೊರಟುಬಿಡುತ್ತಾರೆ. ಅವರ ಮುಖ ನೋಡಿದರೆ ಹೌದೋ ಅಲ್ಲವೋ ಒಂದೂ ಗೊತ್ತಾಗುವುದಿಲ್ಲ.

ಮಿಸ್ ಬೆಂಚಿನ ಮೇಲೆ ಕುಸಿದು ಕೂತು ನೀರು ಕುಡಿಯುತ್ತಾರೆ. "ಮೊದಲ ಹತ್ತು ನಿಮಿಷ ನಾನೇ ಕೈಯಾರೆ ಹಾಳು ಮಾಡ್ಕೊಂಡೆ, ಅಲ್ವಾ?"

ಹೌದು ಅನ್ನುತ್ತೇನೆ. ಸುಳ್ಳು ಹೇಳಲು ನನಗೆ ಆಗುವುದಿಲ್ಲ.

"ಪತ್ರದಲ್ಲಿ ಬೇಡ ಅಂತ ಬಂದ್ರೆ?" ಎಂದು ಕೇಳುತ್ತೇನೆ.

ಅವರು ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿಮಾಡುತ್ತಾರೆ.

"ಬರಬಹುದು. ಹೆದರಿಕೆ ಇದ್ದೇ ಇದೆ. ನೋಡಿ, ಯಾರಾದ್ರೂ 'ಇಂಗ್ಲಿಷ್ ಟೀಚರ್' ಅಂತ ಕರೆದ್ರೆ ಈಗ್ಲೂ ಹಿಂದೆ ತಿರುಗಿ ನೋಡ್ತೀನಿ, ಬೇರೆ ಯಾರೋ ಇರ್ಬೇಕು ಅಂತ. ಇವತ್ತು ಆ ಹುಡುಗಿ ಎದ್ದು ನಿಂತಾಗ ಮಾತ್ರ ತಿರುಗಲಿಲ್ಲ. ಅವಳು ನನಗೇ ಹೇಳ್ತಿದ್ಲು."