ಅರ್ಧ ಕಪ್ ಕಾಫಿ ಮತ್ತು ನಡುಗುವ ಮುಳ್ಳು

ನನ್ನ ಹೆಂಡತಿ ನನಗೆ ಅರ್ಧ ಕಪ್ ಕಾಫಿ ಕೊಡಲು ಶುರು ಮಾಡಿ ಎಂಟು ತಿಂಗಳಾಯಿತು. ಅವಳ ಕಪ್ ಮಾತ್ರ ತುಂಬಿರುತ್ತಿತ್ತು. ಇದೆಂಥ ನ್ಯಾಯ?

ಕೇಳಿದರೆ, "ಮತ್ತ ಬೇಕಂದ್ರ ಹಾಕ್ತೀನಲ್ರಿ" ಎನ್ನುತ್ತಿದ್ದಳು. ಹಾಕುತ್ತಿದ್ದಳು ಕೂಡ. ಅದೂ ಅರ್ಧವೇ.

ನಾವು ವಿಜಯಪುರದ ಕಡೆಯವರು. ನಮ್ಮಲ್ಲಿ ಬೇಡ ಬೇಡ ಎಂದರೂ ಬಡಿಸುತ್ತಾರೆ. ಅಂಥ ಮನೆಯಿಂದ ಬಂದ ಸುನಂದಾಳ ಕೈ ನನ್ನ ಕಾಫಿಯ ವಿಷಯದಲ್ಲಿ ಮಾತ್ರ ಯಾಕೆ ಬಿಗಿಯಾಯಿತು ಎಂದು ನನಗೆ ಸಿಟ್ಟು. (ಸಿಟ್ಟು ಬಂದರೆ ನಾನು ಜಗಳ ಆಡುವುದಿಲ್ಲ, ಆನ್‌ಲೈನ್ ಶಾಪಿಂಗ್ ಮಾಡುತ್ತೇನೆ.) ಹೀಗೆ ಮರಾಠಿ ಸೀಮೆಯ ಹಡಪಸರದ ನಮ್ಮ ಫ್ಲಾಟಿಗೆ ಒಂದು ಎಸ್ಪ್ರೆಸೊ ಮಷಿನ್ ಬಂತು.

ಬಂದ ವಾರದಲ್ಲೇ ಅದನ್ನು ಬಿಚ್ಚಿದೆ. ನಾನು ಎಂಥವನು ಎಂದು ಹಳೆಯ ಓದುಗರಿಗೆ ಗೊತ್ತು. ಹೊಸಬರಿಗೆ ಹೇಳುವುದಾದರೆ, ವಾರಕ್ಕೊಂದು ದಿನ ಈ ಅಂಕಣ ಬರೆಯುತ್ತೇನೆ. ಉಳಿದ ಆರು ದಿನ ಅದೇ ಸೀಮೆಯ ಕುರಕುಂಭದ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ಒತ್ತಡ ಅಳೆಯುವ ಪ್ರೆಶರ್ ಗೇಜುಗಳನ್ನು ಪರೀಕ್ಷಿಸಿ 'ಸರಿಯಿದೆ' ಎಂದು ಸಹಿ ಹಾಕುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ.

ಅಂಥವನ ಮುಂದೆ ಈ ಮಷಿನ್ ಒಂದೇ ಒಂದು ಬಟನ್ ಇಟ್ಟುಕೊಂಡು ಕೂತರೆ ಸಹಿಸುವುದು ಹೇಗೆ? ಒತ್ತಿದ ತಕ್ಷಣ ನೀರು ಪೂರ್ತಿ ಜೋರಿನಲ್ಲಿ ಕಾಫಿಪುಡಿಗೆ ನುಗ್ಗುತ್ತದೆ. ಪುಡಿ ಮೊದಲು ನೆನೆಯಬೇಕು, ಆಮೇಲೆ ಒತ್ತಡ ಏರಬೇಕು, ಕೊನೆಗೆ ಮೆಲ್ಲಗೆ ಇಳಿಯಬೇಕು. ಹಾಗಾಗಿ ಪಂಪಿನಿಂದ ನೀರು ಬರುವ ದಾರಿಯಲ್ಲಿ ಒಂದು ಸಣ್ಣ ವಾಲ್ವ್ ಕೂರಿಸಿದೆ. ತಿರುಗಿಸಲು ಅದಕ್ಕೊಂದು ಕಟ್ಟಿಗೆಯ ಹಿಡಿ, ನೋಡಲು ಒಂದು ಗೇಜ್. ಇನ್ನು ಮುಂದೆ ಎಲ್ಲ ಕೈಯದೇ ಕಾರುಬಾರು!

ಮೊದಲ ದಿನ ಹಿಡಿ ತಿರುಗಿಸಿದೆ. ಗೇಜಿನ ಮುಳ್ಳು ಏರಿತು. ಏರುತ್ತಾ ನಡುಗಿತು.

ಪಂಪ್ ಕೆಟ್ಟಿದೆ ಅಂದುಕೊಂಡೆ. ಬದಲಾಯಿಸಿದೆ. ಮುಳ್ಳು ಮತ್ತೆ ನಡುಗಿತು. ಕಾಫಿ ಒಂದು ದಿನ ಹುಳಿ, ಮರುದಿನ ಕಹಿ. ಗೇಜನ್ನೇ ಬಿಚ್ಚಿ ಫ್ಯಾಕ್ಟರಿಗೆ ಒಯ್ದೆ. ನನ್ನ ಜೊತೆ ಕೆಲಸ ಮಾಡುವ ಕದಮ್ ಅದನ್ನು ಪರೀಕ್ಷಿಸಿ, "ಸರ್, ಗೇಜ್ ಏಕದಮ್ ಬರೋಬರ್ ಆಹೆ" ಎಂದ. ಗೇಜ್ ಸರಿಯಾಗಿಯೇ ಇದೆಯಂತೆ! ಅವನ ಮೇಲೂ ರೇಗಿದೆ.

ಹಿಡಿಯಿಂದ ಕೈ ತೆಗೆದರೆ ಮುಳ್ಳು ಸುಮ್ಮನಾಗುತ್ತಿತ್ತು. ಇದನ್ನೂ ನೋಡಿದೆ. ನೋಡಿ ಈ ಮಹಾಶಯ ಏನು ತೀರ್ಮಾನಿಸಿದ? ಹಿಡಿ ಸಡಿಲವಾಗಿದೆ ಎಂದು! ವಾಲ್ವನ್ನೂ ಬದಲಾಯಿಸಿದೆ.

(ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಹೇಳುವ ಮೊದಲ ಪಾಠ: ಗೇಜನ್ನು ಬೈಯುವ ಮೊದಲು ನಿಮ್ಮ ಕೈ ನೋಡಿಕೊಳ್ಳಿ.)

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಸುನಂದಾಳನ್ನು ಕರೆದೆ. "ಇದನ್ನ ಹಿಡಿ. ಸಾವಕಾಶ ತಿರುಗಸು. ನಾ ಒಳಗ ಏನಾಗ್ತದ ನೋಡ್ತೀನಿ" ಎಂದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಡಿ ತಿರುಗಿಸಿದಳು. ಮುಳ್ಳು ನೆಟ್ಟಗೆ ಏರಿ, ಬೇಕಾದ ಒಂಬತ್ತರ ಗೆರೆಯ ಮೇಲೆ ನಿಂತುಬಿಟ್ಟಿತು.

"ರಿಪೇರಿ ಆತು!" ಎಂದು ಕೂಗಿದೆ. ಖುಷಿಯಲ್ಲಿ ಹಿಡಿಯನ್ನು ನಾನು ತೆಗೆದುಕೊಂಡೆ. ಮುಳ್ಳು ನಡುಗಿತು. ಅವಳಿಗೆ ಕೊಟ್ಟೆ. ನಿಂತಿತು.

ಮೂರನೇ ಸಲ ಕೊಡುವಾಗ ಗಮನಿಸಿದೆ, ಅವಳು ಮುಳ್ಳನ್ನು ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದಳು.

"ದೀಪಾವಳಿಯಿಂದ ನೋಡ್ಲಿಕತ್ತೀನ್ರಿ. ಹೊಸಾ ಅಂಗಿ ಮ್ಯಾಲೆ ಕಾಫಿ ಚೆಲ್ಲಿಕೊಂಡಿದ್ರಿ, ನೆನಪದ?"

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಏನ್ ಮಾಡ್ತಿದ್ರಿ? ಹೊಸಾ ಕಪ್ ತರ್ತಿದ್ರಿ."

ತರುತ್ತಿದ್ದೆ. ಖಂಡಿತ ತರುತ್ತಿದ್ದೆ. ಇಷ್ಟು ತಿಂಗಳು ನಾನು ಜಿಪುಣತನ ಅಂದುಕೊಂಡದ್ದು ಏನೆಂದು ಆಗ ತಿಳಿಯಿತು. ತಿಳಿದು ಸುಖವಾಗಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಆ ವಾರವೇ ಡಾಕ್ಟರ್ ಹತ್ತಿರ ಹೋದೆವು. ಅವರು ಒಂದು ಹಾಳೆ ಕೊಟ್ಟು, ಜಿಲೇಬಿಯ ಹಾಗೆ ಸುತ್ತು ಬರೆಯಿರಿ ಎಂದರು. ಬರೆದೆ. ಅದನ್ನು ಅವರು ತಮ್ಮ ಕಡೆ ತಿರುಗಿಸಿಕೊಂಡು ತುಂಬಾ ಹೊತ್ತು ನೋಡಿದರು. ಮತ್ತೆ ಒಂದಷ್ಟು ಪರೀಕ್ಷೆ ಮಾಡಿಸಿದರು. ಮಾತ್ರೆ ಇದೆ, ಆದರೆ ಇದು ಹೋಗುವಂಥದ್ದಲ್ಲ, ಬರಬರುತ್ತಾ ಹೆಚ್ಚಾಗುತ್ತದೆ ಎಂದರು. ಕಾಯಿಲೆಯ ಹೆಸರು ಬರೆಯುವುದಿಲ್ಲ. ಬರೆದರೆ ನೀವು ವಾಟ್ಸಾಪಿನಲ್ಲಿ ಅರಿಶಿನದ ಹಾಲು, ಅಗಸೆ ಬೀಜ ಎಲ್ಲ ಕಳಿಸುತ್ತೀರಿ. ನಿಮ್ಮ ಪ್ರೀತಿ ದೊಡ್ಡದು. ನನಗೆ ಭಯವಾಗಿದೆ.

ಈಗ ಹಿಡಿ ತಿರುಗಿಸುವುದು ಸುನಂದಾ. ಕಾಫಿ ಬಹಳ ಚೆನ್ನಾಗಿ ಬರುತ್ತದೆ, ಅದನ್ನು ನೋಡಿ ಹೊಟ್ಟೆ ಉರಿಯುತ್ತದೆ. ಹಾಲು ಬೆರೆಸಿ ಅರ್ಧ ಕಪ್ ಕೊಡುತ್ತಾಳೆ. ಯಾಕೆ ಎಂದು ಕೇಳುವುದನ್ನು ಬಿಟ್ಟಿದ್ದೇನೆ.

ಕಪ್ ಹೇಗೋ ಸಂಭಾಳಿಸಬಹುದು. ಫ್ಯಾಕ್ಟರಿ? ಅಲ್ಲಿ ನನ್ನ ಟೇಬಲ್ ಮೇಲೆ ಒಂದು ಹ್ಯಾಂಡ್ ಪಂಪ್ ಇದೆ. ಅದರಿಂದ ಒತ್ತಡ ಏರಿಸಿ, ಮುಳ್ಳನ್ನು ಗೆರೆಯ ಮೇಲೆ ನಿಲ್ಲಿಸಿ, ಗೇಜ್ ನಿಜ ಹೇಳುತ್ತಿದೆಯೇ ಎಂದು ನೋಡಬೇಕು. ಈ ಎಂಟು ತಿಂಗಳಲ್ಲಿ ಎಷ್ಟು ಒಳ್ಳೆಯ ಗೇಜುಗಳನ್ನು ಕೆಟ್ಟಿವೆ ಎಂದು ಪಕ್ಕಕ್ಕಿಟ್ಟೆನೋ. ಎಷ್ಟು ಕೆಟ್ಟವನ್ನು, ಅಷ್ಟು ನಡುಕ ಇದ್ದೇ ಇರುತ್ತದೆ ಎಂದುಕೊಂಡು, ಫ್ಯಾಕ್ಟರಿಯೊಳಗೆ ಕಳಿಸಿದೆನೋ. ಆ ಗೇಜುಗಳ ಪಕ್ಕದಲ್ಲಿ ನಿಂತು ಕೆಲಸ ಮಾಡುವವರ ಮುಖಗಳು ನನಗೆ ಗೊತ್ತು.

ಅಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಹೇಳಿದ ದಿನವೇ ಆ ಟೇಬಲ್ ನನ್ನದಲ್ಲ. ನಿಮಗೆ ಹೇಳಿಬಿಟ್ಟಿದ್ದೇನೆ, ಯಾಕೆಂದರೆ ಕುರಕುಂಭದಲ್ಲಿ ಕನ್ನಡ ಓದುವವರು ಯಾರೂ ಇಲ್ಲ. ನೋಡಿ, ನನ್ನ ಧೈರ್ಯ ಇಷ್ಟೇ.

ನಾಳೆ ಬೆಳಿಗ್ಗೆ ಬಾಯ್ಲರಿನ ಗೇಜ್ ನನ್ನ ಟೇಬಲ್‌ಗೆ ಬರುತ್ತದೆ. 'ಸರಿಯಿದೆ' ಎಂದು ಯಾವ ಕೈಯಿಂದ ಬರೆಯಲಿ?